ಕಂಬಿ ತಟ್ಟದವನು ನಾನು, ಬ್ಲೇಡ್ ತಂದವನು ಯಾರು?

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರ ವಿಭಾಗದಲ್ಲಿ ಒಬ್ಬರು ಬರೆದಿದ್ದರು. ಕೈದಿ ತಪ್ಪಿಸಿಕೊಂಡರೆ ಕಾವಲಿಗಿದ್ದ ವಾರ್ಡರನ್ನು ಅದೇ ಸೆಲ್ಲಿಗೆ ಹಾಕಬೇಕಂತೆ. ಓಡಿಹೋದವನ ಉಳಿದ ಶಿಕ್ಷೆಯನ್ನು ಇವನೇ ಅನುಭವಿಸಬೇಕಂತೆ. ನನ್ನ ಮಗ ಅದನ್ನು ಕಾಫಿ ಕುಡಿಯುತ್ತಾ ಜೋರಾಗಿ ಓದಿದ. ಓದಿ ಮುಗಿಸಿ ನನ್ನ ಮುಖ ನೋಡಿದ. ಮನೆಯಲ್ಲಿ ಯಾರೂ ಏನೂ ಮಾತಾಡಲಿಲ್ಲ.

ಯಾಕೆಂದರೆ ನಾನು ಆ ವಾರ್ಡರ್.

1983ರಲ್ಲಿ ಕೆಲಸಕ್ಕೆ ಸೇರಿದೆ, 2015ರಲ್ಲಿ ಹೆಡ್ ವಾರ್ಡರ್ ಆಗಿ ನಿವೃತ್ತನಾದೆ. ಈಗ ಕಾಗದದಲ್ಲಿ ವೀಕ್ಷಕ, ಮುಖ್ಯ ವೀಕ್ಷಕ ಅಂತ ಬರೆಯುತ್ತಾರೆ. ಬಾಯಲ್ಲಿ ಇವತ್ತಿಗೂ ವಾರ್ಡರ್ರೇ. ನನ್ನ ಮೇಲೆ ಭಾರತೀಯ ದಂಡಸಂಹಿತೆಯ 223ನೇ ಕಲಮಿನಲ್ಲಿ ಕೇಸಾಗಿತ್ತು. ನಿರ್ಲಕ್ಷ್ಯದಿಂದ ಕೈದಿ ತಪ್ಪಿಸಿಕೊಳ್ಳಲು ಬಿಟ್ಟ ಸರ್ಕಾರಿ ನೌಕರನ ಮೇಲೆ ಹಾಕುವ ಕಲಮು ಅದು. ಆರು ವರ್ಷ ನಡೆಯಿತು. ಯಾವ ಊರು, ಯಾವ ಜೈಲು ಅಂತ ಬರೆಯುವುದಿಲ್ಲ. ಆ ಕಾಲದವರು ಎಷ್ಟೋ ಜನ ಈಗಿಲ್ಲ. ಇರುವವರು ನನ್ನ ಹಾಗೆ ಬಿಪಿ ಮಾತ್ರೆ ನುಂಗಿಕೊಂಡು ಮನೆಯಲ್ಲಿದ್ದಾರೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ.

ಸಂಜೆ ಲಾಕಪ್ಪಿಗೆ, ಅಂದರೆ ಕೈದಿಗಳನ್ನು ಒಳಗೆ ಹಾಕಿ ಬೀಗ ಜಡಿಯುವುದಕ್ಕೆ ಮುಂಚೆ, ಬ್ಯಾರಕ್ಕಿನ ಪ್ರತಿ ಕಂಬಿಯನ್ನೂ ಲಾಠಿಯಿಂದ ತಟ್ಟಿ ನೋಡಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ನನಗೆ ಕಲಿಸಿದವರು ಒಬ್ಬ ಹಳೇ ಹೆಡ್ ವಾರ್ಡರ್. 'ಕಣ್ಣು ಮುಚ್ಚಿಕೊಂಡು ತಟ್ಟೋ, ಕಂಬಿ ನೋಡಬೇಡ, ಕೇಳು' ಅನ್ನುತ್ತಿದ್ದರು. ಗಟ್ಟಿ ಕಂಬಿ ಠಣ್ ಅಂದು ಒಂದು ಕ್ಷಣ ಗುಂಯ್‌ಗುಡುತ್ತದೆ. ಕೊಯ್ದ ಕಂಬಿ ಟಪ್ ಅಂದು ಅಲ್ಲೇ ನಿಂತುಬಿಡುತ್ತದೆ, ಬಿರುಕು ಬಿಟ್ಟ ಮಡಕೆ ತಟ್ಟಿದ ಹಾಗೆ. ಕೊಯ್ದ ಜಾಗಕ್ಕೆ ಸೋಪಿಗೆ ಮಸಿ ಕಲಸಿ ಮೆತ್ತಿರುತ್ತಾರೆ. ಎಷ್ಟು ಹತ್ತಿರ ಹೋಗಿ ನೋಡಿದರೂ ಕಣ್ಣಿಗೆ ಸಿಗುವುದಿಲ್ಲ. ಸದ್ದು ಮಾತ್ರ ಹೇಳಿಬಿಡುತ್ತದೆ.

ಕೈಗೆ ಎಟುಕುವ ಕಂಬಿಗಳನ್ನೆಲ್ಲ ನಾನು ತಟ್ಟುತ್ತಿದ್ದೆ. ಆದರೆ ನಮ್ಮ ಬ್ಯಾರಕ್ಕಿನ ವೆಂಟಿಲೇಟರ್ ಇದ್ದದ್ದು ಹನ್ನೆರಡು ಅಡಿ ಮೇಲೆ. ಅದನ್ನು ತಟ್ಟಬೇಕಾದರೆ ಏಣಿ ಬೇಕು. ಏಣಿಯನ್ನು ಜೈಲಿನೊಳಗೆ ಸುಮ್ನೆ ಇಡುವಂತಿಲ್ಲ, ಗೋಡೆ ಹತ್ತುವುದಕ್ಕೂ ಅದೇ ಏಣಿ ಅಲ್ವಾ. ಅದು ಸ್ಟೋರಿನಲ್ಲಿ ಬೀಗದೊಳಗೆ ಇರುತ್ತಿತ್ತು. ಕೇಳಿದರೆ 'ನಾಳೆ ನೋಡೋಣ' ಅನ್ನುತ್ತಿದ್ದರು. ಒಂದು ವಾರ ಕೇಳಿದೆ, ಆಮೇಲೆ ಬಿಟ್ಟೆ. ನನಗಿಂತ ಮುಂಚೆ ಇದ್ದವರೂ ಹಾಗೇ ಬಿಟ್ಟಿದ್ದರು. ರಿಜಿಸ್ಟರಿನಲ್ಲಿ ಮಾತ್ರ ದಿನಾ ಒಂದೇ ಸಾಲು: 'ಎಲ್ಲಾ ಕಂಬಿಗಳನ್ನು ಪರಿಶೀಲಿಸಲಾಗಿದೆ, ಸುಸ್ಥಿತಿಯಲ್ಲಿವೆ.' ಅದರ ಕೆಳಗೆ ನನ್ನ ಸಹಿ.

1996ರ ಆಗಸ್ಟ್. ಹಿಡಿದ ಮಳೆ ನಾಲ್ಕು ದಿನದಿಂದ ಬಿಟ್ಟಿರಲಿಲ್ಲ. ಬೆಳಿಗ್ಗೆ ಬ್ಯಾರಕ್ ತೆಗೆದು ಎಣಿಸಿದೆ, ಇಬ್ಬರು ಕಮ್ಮಿ. ಎಣಿಕೆ ತಪ್ಪಿರಬೇಕು ಅಂದುಕೊಂಡು ಮತ್ತೆ ಎಣಿಸಿದೆ. ಮೂರನೇ ಸಲವೂ ಎಣಿಸಿದೆ. ಈ ಕೆಲಸ ಮಾಡಿದವರಿಗೆ ಅದು ಗೊತ್ತು. ಮೊದಲನೇ ಸಲಕ್ಕೇ ಹೊಟ್ಟೆಯೊಳಗೆ ಏನೋ ತಣ್ಣಗಾಗುತ್ತದೆ, ಆದರೂ ಬೆರಳು ಎಣಿಸುತ್ತಲೇ ಇರುತ್ತದೆ. ತಲೆ ಎತ್ತಿ ನೋಡಿದರೆ ವೆಂಟಿಲೇಟರಿನ ಎರಡು ಕಂಬಿ ಇರಲಿಲ್ಲ. ಆ ತೂತಿನಿಂದ ಮಳೆನೀರು ಗೋಡೆ ಮೇಲೆ ಇಳಿಯುತ್ತಿತ್ತು. ಕಂಬಳಿ ಹರಿದು ಹೊಸೆದು ಹಗ್ಗ ಮಾಡಿಕೊಂಡಿದ್ದರು. ಅಡುಗೆಮನೆಯ ಸೌದೆ ರಾಶಿ ಹತ್ತಿ, ಅಲ್ಲಿಂದ ಹೊರಗೋಡೆ ದಾಟಿದ್ದರು.

ಇಬ್ಬರೂ ಮನೆಗಳ್ಳರು, ವಿಚಾರಣಾಧೀನ ಕೈದಿಗಳು. ಒಬ್ಬ ಒಂಬತ್ತನೇ ದಿನ ಅಕ್ಕನ ಮನೆಯಲ್ಲಿ ಸಿಕ್ಕಿದ. ಇನ್ನೊಬ್ಬ ಸಿಕ್ಕಿದ್ದು ದೀಪಾವಳಿ ಕಳೆದ ಮೇಲೆ.

ಅವತ್ತು ಸಂಜೆಯೇ ನನಗೂ ರಾತ್ರಿ ಬೀಟಿನಲ್ಲಿದ್ದ ಇನ್ನೊಬ್ಬನಿಗೂ ಸಸ್ಪೆನ್ಷನ್ ಆರ್ಡರ್ ಬಂತು. ಜೀವನಾಧಾರ ಭತ್ಯೆ ಅಂತ ಅರ್ಧ ಸಂಬಳ. ಮಗಳು ಆಗ ನಾಲ್ಕನೇ ಕ್ಲಾಸು. ಸ್ಕೂಲಿನಲ್ಲಿ ಯಾರೋ 'ನಿಮ್ಮಪ್ಪ ಕಳ್ಳರನ್ನ ಬಿಟ್ಟನಂತೆ' ಅಂದರಂತೆ. ಅವಳು ಮನೆಗೆ ಬಂದು ಅಮ್ಮನ ಹತ್ತಿರ ಕೇಳಿದ್ದು, 'ಅಪ್ಪಂಗೆ ಎಷ್ಟು ದುಡ್ಡು ಕೊಟ್ಟರು?'

ಈ ಪತ್ರ ಬರೆಯುವುದಕ್ಕೆ ಆ ಪ್ರಶ್ನೆಯೇ ಕಾರಣ. ಜನ ಕೇಳುವುದು ಅದನ್ನೇ. ಕಾನೂನು ಕೇಳಬೇಕಾದ್ದೂ ಅದನ್ನೇ. ನನ್ನ ಕೇಸಿನಲ್ಲಿ ಮಾತ್ರ ಆರು ವರ್ಷದಲ್ಲಿ ಒಂದು ಸಲವೂ ಯಾರೂ ಕೇಳಲಿಲ್ಲ.

ಮೋರಿಯಲ್ಲಿ ಅರ್ಧ ಹ್ಯಾಕ್ಸಾ ಬ್ಲೇಡ್ ಸಿಕ್ಕಿತ್ತು. ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿ ಮಾಡಿಕೊಂಡಿದ್ದರು. ಮಹಜರು ಮಾಡಿ, ಕವರಿಗೆ ಹಾಕಿ, ಅರಗಿನ ಸೀಲು ಒತ್ತಿದರು. ಕೋರ್ಟಿನಲ್ಲಿ ಅದು ಮುದ್ದೆಮಾಲು ನಂಬರ್ 2. ಪ್ರತಿ ಸಾಕ್ಷಿಗೂ ಅದನ್ನು ತೋರಿಸಿ 'ಇದೇನಾ?' ಅಂತ ಕೇಳಿದರು. ಎಲ್ಲರೂ 'ಇದೇ' ಅಂದರು. ಅದು ಎಲ್ಲಿಂದ ಬಂತು ಅಂತ ಯಾರಿಗೂ ಕೇಳಬೇಕು ಅನ್ನಿಸಲಿಲ್ಲ. ಜೈಲಿನೊಳಗೆ ಬ್ಲೇಡ್ ತಾನಾಗೇ ನಡೆದು ಬರುವುದಿಲ್ಲ ಸ್ವಾಮಿ. ಮೇನ್ ಗೇಟಿನಲ್ಲಿ ತಪಾಸಣೆ ಇದೆ, ಒಳಗೆ ಬರುವವರಿಗೆಲ್ಲ ಎಂಟ್ರಿ ಪುಸ್ತಕ ಇದೆ. ಯಾರದೋ ಚಪ್ಪಲಿ ಅಟ್ಟೆಯಲ್ಲೋ, ಬನ್ನಿನೊಳಗೋ, ಇಲ್ಲಾ ಖಾಕಿ ಜೇಬಿನಲ್ಲೋ ಬಂದಿರಬೇಕು. ಮೂರರಲ್ಲಿ ಯಾವುದು ಅನ್ನುವುದರ ಮೇಲೆ ಕಲಮೇ ಬದಲಾಗುತ್ತದೆ.

ಕಾನೂನು ಇದನ್ನು ಬೇರೆ ಬೇರೆಯಾಗೇ ಇಟ್ಟಿದೆ. ವಕೀಲರ ಆಫೀಸಿನ ಬೆಂಚಿನ ಮೇಲೆ ಆರು ವರ್ಷ ಕೂತವನಿಗೆ ಇಷ್ಟು ಬಾಯಿಪಾಠ ಆಗಿರುತ್ತದೆ. 1860ರ ದಂಡಸಂಹಿತೆಯ 223 ಈಗ ಭಾರತೀಯ ನ್ಯಾಯ ಸಂಹಿತೆಯ 261. 2024ರ ಜುಲೈ 1ರಿಂದ ನಂಬರ್ ಬದಲಾಯಿತು, ಶಿಕ್ಷೆ ಬದಲಾಗಿಲ್ಲ. 2 ವರ್ಷದವರೆಗೆ ಸಾದಾ ಸಜೆ, ಇಲ್ಲಾ ದಂಡ, ಇಲ್ಲಾ ಎರಡೂ. ಜಾಮೀನು ಸಿಗುವ ಅಪರಾಧ. ಇದು ನಿದ್ದೆ ಹೋದವನಿಗೆ, ಮೈಮರೆತವನಿಗೆ, ನನ್ನಂಥ ಸಹಿ ಹಾಕಿದವನಿಗೆ.

ಬೇಕಂತಲೇ ಬಿಟ್ಟವನ ಕಲಮು ಬೇರೆ. ಹಳೆಯ 221 ಮತ್ತು 222, ಈಗಿನ 259 ಮತ್ತು 260. ಮರಣದಂಡನೆ ಆದ ಕೈದಿಯನ್ನು ಬೇಕಂತಲೇ ಬಿಟ್ಟರೆ ಜೀವಾವಧಿ, ಅಥವಾ 14 ವರ್ಷದವರೆಗೆ. ಜೀವಾವಧಿ, ಅಥವಾ 10 ವರ್ಷ ಇಲ್ಲಾ ಅದಕ್ಕೆ ಮೇಲ್ಪಟ್ಟ ಶಿಕ್ಷೆಯವನನ್ನು ಬಿಟ್ಟರೆ 7 ವರ್ಷದವರೆಗೆ. ಕೈದಿ ಎಷ್ಟು ದೊಡ್ಡವನೋ ಬಿಟ್ಟವನ ಶಿಕ್ಷೆಯೂ ಅಷ್ಟು ದೊಡ್ಡದು. ಕೆಳಗೆ ಬಂದರೆ ಮಾತ್ರ ವಿಚಿತ್ರ. ಸಣ್ಣ ಕಳ್ಳತನದ ವಿಚಾರಣಾಧೀನ ಕೈದಿಯನ್ನು ಬೇಕಂತಲೇ ಬಿಟ್ಟವನಿಗೂ ಮಿತಿ 2 ವರ್ಷ, ಜಾಸ್ತಿ ಅಂದರೆ 3. ನಿದ್ದೆ ಹೋದವನಿಗೂ 2. ದುಡ್ಡು ತಗೊಂಡಿದ್ದು ಸಾಬೀತಾದರೆ ಭ್ರಷ್ಟಾಚಾರ ತಡೆ ಕಾಯ್ದೆ ಬೇರೆ ಬರುತ್ತದೆ. ಅಲ್ಲಿ 3ಕ್ಕಿಂತ ಕಮ್ಮಿ ಇಲ್ಲ, 7ರವರೆಗೂ ಹೋಗಬಹುದು. ಆದರೆ ಅಲ್ಲಿಗೆ ಮುಟ್ಟಬೇಕಾದರೆ ಬ್ಲೇಡಿನ ಹಿಂದೆ ಹೋಗಬೇಕು. ನಿರ್ಲಕ್ಷ್ಯದ ಕೇಸು ಸುಲಭ. ಅವತ್ತಿನ ಡ್ಯೂಟಿ ಪುಸ್ತಕ ತೆಗೆದರೆ ಹೆಸರು ಅಲ್ಲೇ ಇರುತ್ತದೆ, ಮಧ್ಯಾಹ್ನ ಊಟದ ಹೊತ್ತಿಗೆ ಎಫ್‌ಐಆರ್ ರೆಡಿ.

ಇದರಿಂದ ಲಾಭ ಯಾರಿಗೆ? ನಿಜವಾಗಿ ಕೀಲಿ ಮಾರಿದವನು ಒಬ್ಬ ಇದ್ದರೆ, ಅವನಿಗೆ. ಅವನೂ 'ನಿರ್ಲಕ್ಷ್ಯ' ಅನ್ನುವ ಪದದ ಕೆಳಗೆ ನಮ್ಮ ಜೊತೆ ಬಂದು ನಿಂತುಕೊಳ್ಳುತ್ತಾನೆ, ಮಳೆಗೆ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಒಟ್ಟಿಗೆ ನಿಂತ ಹಾಗೆ. ಹತ್ತು ಜನ ಸಸ್ಪೆಂಡ್ ಅಂತ ಪೇಪರಿನಲ್ಲಿ ಬರುತ್ತದೆ. ಅದರಲ್ಲಿ ಒಂಬತ್ತು ಜನ ತೂಕಡಿಸಿದವರಾಗಿ, ಒಬ್ಬ ಜೇಬು ತುಂಬಿಸಿಕೊಂಡವನಾಗಿದ್ದರೂ ಹೊರಗಿನವರಿಗೆ ಹತ್ತು ಜನವೂ ಒಂದೇ. ಆರು ತಿಂಗಳಿಗೆ ಹತ್ತು ಜನವೂ ವಾಪಸ್ ಡ್ಯೂಟಿಗೆ ಬರುತ್ತಾರೆ.

ಹಾಗಂತ ನಿರ್ಲಕ್ಷ್ಯ ದೊಡ್ಡ ತಪ್ಪಲ್ಲ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳುವವರಿಗೆ ಸರಣಿ ಹಂತಕ ಜೈಶಂಕರನ ಕಥೆ ನೆನಪಿಸುತ್ತೇನೆ. 2011ರ ಮಾರ್ಚ್‌ನಲ್ಲಿ ತಮಿಳುನಾಡಿನ ಪೊಲೀಸರು ಅವನನ್ನು ಧರ್ಮಪುರಿ ಕೋರ್ಟಿಗೆ ಕರೆದುಕೊಂಡು ಹೋಗಿ, ವಾಪಸ್ ಕೊಯಮತ್ತೂರು ಜೈಲಿಗೆ ಬಸ್ಸಿನಲ್ಲಿ ತರುತ್ತಿದ್ದರು. ಅಷ್ಟು ಅತ್ಯಾಚಾರ, ಕೊಲೆ ಕೇಸು ಮೈಮೇಲಿದ್ದವನಿಗೆ ಬೆಂಗಾವಲು ಇಬ್ಬರು. ರಾತ್ರಿ ಸೇಲಂ ಬಸ್ ನಿಲ್ದಾಣದಲ್ಲಿ ತಪ್ಪಿಸಿಕೊಂಡ. ನಮ್ಮ ರಾಜ್ಯಕ್ಕೆ ಬಂದ. ಮೇ ತಿಂಗಳಲ್ಲಿ ಬಿಜಾಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಸಿಕ್ಕಿಬೀಳುವ ತನಕ ಬಳ್ಳಾರಿ, ಚಿತ್ರದುರ್ಗದ ಕಡೆ ಎಷ್ಟು ಹೆಣ್ಣುಮಕ್ಕಳ ಬಾಳು ಹಾಳಾಯಿತು ಅಂತ ಆಗಿನ ಪೇಪರ್ ಓದಿದವರಿಗೆ ನೆನಪಿರಬೇಕು. ಕಾವಲಿನವನ ಒಂದು ನಿಮಿಷದ ಮರೆವಿಗೆ ಬೆಲೆ ತೆರುವವರು ಇನ್ಯಾರೋ. ಕಲಮು ಇರಲೇಬೇಕು.

ಆದರೆ ಅದೇ ಕಥೆಯಲ್ಲಿ ಇನ್ನೊಂದು ಸಾಲಿದೆ. ಬೆಂಗಾವಲಿಗಿದ್ದ ಇಬ್ಬರಲ್ಲಿ ಒಬ್ಬ ಪೇದೆ ಒಂದೆರಡು ದಿನದಲ್ಲೇ ಆತ್ಮಹತ್ಯೆ ಮಾಡಿಕೊಂಡರು. ಆ ಸುದ್ದಿ ಓದಿದ ದಿನ ನನಗೆ ಮಧ್ಯಾಹ್ನದ ಊಟ ಇಳಿಯಲಿಲ್ಲ. ಅವರ ಮುಖ ನಾನು ನೋಡಿದವನಲ್ಲ. ಆದರೆ ಬಸ್ ನಿಲ್ದಾಣದಲ್ಲಿ ಅವರು ಹಿಂದೆ ತಿರುಗಿ ನೋಡಿದ ಆ ಕ್ಷಣ ನನಗೆ ಗೊತ್ತು. ನಾನು ಮೂರು ಸಲ ಎಣಿಸಿದ್ದೆನಲ್ಲ, ಅದೇ.

ಅದೇ ಜೈಶಂಕರ್ 2013ರಲ್ಲಿ ನಮ್ಮ ಪರಪ್ಪನ ಅಗ್ರಹಾರದಿಂದಲೇ ಹಾರಿದ. ಆಗಸ್ಟ್ 31ರ ರಾತ್ರಿ ಕಳೆದು ಸೆಪ್ಟೆಂಬರ್ 1ರ ನಸುಕಿನಲ್ಲಿ. ತುಮಕೂರು ಕೋರ್ಟಿನಿಂದ ವಾಪಸ್ ಬಂದವನು ಹುಷಾರಿಲ್ಲ ಅಂದ, ಜೈಲಿನ ಆಸ್ಪತ್ರೆಯಲ್ಲಿಟ್ಟಿದ್ದರು. ಡೂಪ್ಲಿಕೇಟ್ ಕೀಲಿಯಿಂದ ಬಾಗಿಲು ತೆಗೆದ, ಪೊಲೀಸ್ ಯೂನಿಫಾರ್ಮ್ ಹಾಕಿದ್ದ, ಬಿದಿರಿನ ಗಳ ಮತ್ತು ಬೆಡ್‌ಶೀಟ್ ಹಿಡಿದು ಒಂದರ ಮೇಲೊಂದು ಗೋಡೆ ದಾಟಿದ ಅಂತ ವರದಿಯಾಗಿತ್ತು. ಹನ್ನೊಂದು ಜನರನ್ನು ಸಸ್ಪೆಂಡ್ ಮಾಡಿದರು. ಕಾಲು ಮುರಿದುಕೊಂಡಿದ್ದ ಅವನು ಸೆಪ್ಟೆಂಬರ್ 6ರಂದು ಬೆಂಗಳೂರಿನಲ್ಲೇ ಸಿಕ್ಕಿದ.

ನಾನು ಮೂವತ್ತೆರಡು ವರ್ಷ ಕೀಲಿಗೊಂಚಲಿನ ಜೊತೆ ಬದುಕಿದವನು. ರಾತ್ರಿ ಲಾಕಪ್ ಆದ ಮೇಲೆ ಬ್ಯಾರಕ್ಕಿನ ಕೀಲಿಗಳು ಮೇನ್ ಗೇಟಿನ ಪೆಟ್ಟಿಗೆಗೆ ಹೋಗುತ್ತವೆ. ಒಳಗೆ ಬೀಟು ತಿರುಗುವವನ ಕೈಯಲ್ಲಿ ಲಾಠಿ, ಸೀಟಿ, ಟಾರ್ಚು ಇರುತ್ತವೆ, ಕೀಲಿ ಇರುವುದಿಲ್ಲ. ಹೀಗಿರುವಾಗ ಡೂಪ್ಲಿಕೇಟ್ ಕೀಲಿ, ಯೂನಿಫಾರ್ಮ್, ಗಳ ಮೂರೂ ಒಂದೇ ರಾತ್ರಿ ಒಬ್ಬ ಕೈದಿಯ ಕೈಗೆ ಸಿಕ್ಕರೆ, ಮೊದಲು ಕೇಳಬೇಕಾದ ಪ್ರಶ್ನೆ 'ಯಾರು ನಿದ್ದೆ ಮಾಡುತ್ತಿದ್ದರು' ಅನ್ನುವುದಲ್ಲ. ನಿದ್ದೆ ಹೋದವನು ಯೂನಿಫಾರ್ಮ್ ಹೊಲಿಸಿಕೊಡುವುದಿಲ್ಲ.

ದೊಡ್ಡ ಜೈಲುಗಳ ಕಥೆಯೂ ಇದೇ. 1986ರ ಮಾರ್ಚ್‌ನಲ್ಲಿ ಸರಣಿ ಹಂತಕ ಚಾರ್ಲ್ಸ್ ಶೋಭರಾಜ್ ತಿಹಾರ್ ಜೈಲಿನಲ್ಲಿ ಹುಟ್ಟುಹಬ್ಬ ಅಂತ ಕಾವಲಿನವರಿಗೆ ಮತ್ತಿನ ಔಷಧಿ ಬೆರೆಸಿದ ಸಿಹಿ ಹಂಚಿ ಹೊರಗೆ ನಡೆದ. ಕೈದಿಯ ಕೈಯಿಂದ ತಿನ್ನಬೇಡ ಅನ್ನುವುದು ನಮಗೆ ಮೊದಲ ವಾರ ಹೇಳಿಕೊಡುವ ಪಾಠ. ಸಿಹಿ ತಿಂದದ್ದು ನಿರ್ಲಕ್ಷ್ಯ, ಒಪ್ಪಿದೆ. ಕೈದಿಗೆ ಜೈಲಿನೊಳಗೆ ಪಾರ್ಟಿ ಮಾಡುವಷ್ಟು ಸಲಿಗೆ ಕೊಟ್ಟದ್ದು ಏನು? 2016ರ ಅಕ್ಟೋಬರ್ 31ರ ನಸುಕಿನಲ್ಲಿ ಭೋಪಾಲ್ ಸೆಂಟ್ರಲ್ ಜೈಲಿನಿಂದ ಎಂಟು ಜನ ಓಡಿಹೋದರು. ಅಲ್ಲಿ ಕಾವಲಿಗಿದ್ದ ಹೆಡ್ ಕಾನ್‌ಸ್ಟೆಬಲ್ ರಮಾಶಂಕರ್ ಯಾದವ್ ಅವರ ಕತ್ತು ಕೊಯ್ದು ಹೋದರು. ಅವರೂ ನಮ್ಮಂಥ ಕಾವಲಿನವರೇ.

ಇನ್ನು ನನ್ನ ಕೇಸು. ಸೂಪರಿಂಟೆಂಡೆಂಟರನ್ನು ಸಾಕ್ಷಿ ಕಟ್ಟೆಗೆ ಕರೆದಾಗ ನನ್ನ ವಕೀಲರು ಕೇಳಿದ್ದು ಐದೇ ಪ್ರಶ್ನೆ.

'ವೆಂಟಿಲೇಟರ್ ಎಷ್ಟು ಎತ್ತರ?'

'ಹನ್ನೆರಡು ಅಡಿ ಇರಬಹುದು.'

'ಲಾಠಿ ಎಷ್ಟು ಉದ್ದ?'

'ಮೂರೂವರೆ ಅಡಿ.'

'ಆರೋಪಿ ಎಷ್ಟು ಎತ್ತರ ಇದ್ದಾರೆ, ನೋಡಿ ಹೇಳಿ.'

ಅವರು ನನ್ನ ಕಡೆ ನೋಡಿದರು. ಐದೂವರೆ ಅಡಿ ಅಂದರು. ಕೋರ್ಟ್ ಹಾಲಿನಲ್ಲಿ ಯಾರೋ ಕಿಸಕ್ ಅಂದರು.

'ಏಣಿ ಎಲ್ಲಿತ್ತು?'

'ಸ್ಟೋರಿನಲ್ಲಿ.'

'ಸ್ಟೋರಿನ ಕೀಲಿ ಯಾರ ಹತ್ತಿರ?'

ಸ್ವಲ್ಪ ಹೊತ್ತು ಸುಮ್ಮನಿದ್ದರು. 'ನನ್ನ ಅಧೀನದಲ್ಲಿ' ಅಂದರು.

2002ರಲ್ಲಿ ಖುಲಾಸೆ ಆಯಿತು. ಕೈದಿ ಓಡಿಹೋದ ಮಾತ್ರಕ್ಕೆ ಕಾವಲಿನವನ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ, ಅದನ್ನು ಪ್ರಾಸಿಕ್ಯೂಷನ್ ಬೇರೆಯಾಗಿ ತೋರಿಸಬೇಕು ಅಂತ ಮ್ಯಾಜಿಸ್ಟ್ರೇಟರು ಹೇಳಿದರು. ನನ್ನ ಜೊತೆಗಿದ್ದವನೂ ಬಿಡುಗಡೆಯಾದ. ಅವನು ಆ ರಾತ್ರಿ ತೂಕಡಿಸಿದ್ದು ನಿಜ. ಹಿಂದಿನ ಹಗಲಿನ ಪಾಳಿಯೂ ಅವನದೇ ಆಗಿತ್ತು, ರಜೆ ಹೋದವನ ಬದಲಿಗೆ ಬಂದಿದ್ದ. ಆ ರಾತ್ರಿ ಒಳಗಿದ್ದ ಕೈದಿಗಳು ನೂರಾ ಎಂಬತ್ತು, ಬೀಟಿನಲ್ಲಿ ಇಬ್ಬರು. ಕೇಂದ್ರದ ಮಾದರಿ ಕಾರಾಗೃಹ ಕೈಪಿಡಿ ಆರು ಕೈದಿಗೆ ಒಬ್ಬ ಕಾವಲು ಸಿಬ್ಬಂದಿ ಅನ್ನುತ್ತದೆ. ಅದು ಎಲ್ಲ ಪಾಳಿ ಸೇರಿದ ಲೆಕ್ಕ ಅಂದುಕೊಂಡರೂ ನಮ್ಮ ಲೆಕ್ಕ ಎಲ್ಲಿಗೂ ಸೇರುವುದಿಲ್ಲ. ಆ ಡ್ಯೂಟಿ ಪಟ್ಟಿ ಬರೆದವರ ಹೆಸರು ಕೇಸಿನಲ್ಲಿ ಸಾಕ್ಷಿಗಳ ಪಟ್ಟಿಯಲ್ಲಿತ್ತು, ಆರೋಪಿಗಳ ಪಟ್ಟಿಯಲ್ಲಿ ಇರಲಿಲ್ಲ.

ಕಲಮನ್ನು ಇನ್ನೊಮ್ಮೆ ಓದಿ. ಕೈದಿಯನ್ನು ಬಂಧನದಲ್ಲಿಡಲು 'ಕಾನೂನುಬದ್ಧವಾಗಿ ಬದ್ಧನಾದ' ಸರ್ಕಾರಿ ನೌಕರ ಅನ್ನುತ್ತದೆ. ವಾರ್ಡರ್ ಅಂತ ಅದರಲ್ಲಿ ಬರೆದಿಲ್ಲ. ಜೈಲರ್ ಬದ್ಧನಲ್ಲವೇ? ಸೂಪರಿಂಟೆಂಡೆಂಟ್ ಅಲ್ಲವೇ? ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ಸರ್ಕಾರವೇ ತೆಗೆದುಹಾಕಬೇಕಾದ ಮಟ್ಟದ ಅಧಿಕಾರಿ ಕರ್ತವ್ಯದ ಮೇಲೆ ಮಾಡಿದ ತಪ್ಪಿಗೆ ಕೋರ್ಟು ಕೇಸು ತೆಗೆದುಕೊಳ್ಳಬೇಕಾದರೆ ಮೊದಲು ಸರ್ಕಾರದ ಅನುಮತಿ ಬೇಕು. ಇಲಾಖೆಯ ಮೇಲಧಿಕಾರಿಯೇ ತೆಗೆಯಬಹುದಾದ ವಾರ್ಡರಿಗೆ ಸಾಮಾನ್ಯವಾಗಿ ಆ ರಕ್ಷಣೆ ಇಲ್ಲ. ಹಾಗಾಗಿ ಕೇಸು ನೀರಿನ ಹಾಗೆ ಕೆಳಕ್ಕೇ ಹರಿಯುತ್ತದೆ.

ಇಲಾಖಾ ವಿಚಾರಣೆ ಬೇರೆ ನಡೆಯಿತು. ಅದರಲ್ಲಿ ಎರಡು ಇನ್‌ಕ್ರಿಮೆಂಟ್ ಹೋಯಿತು. ಅದಕ್ಕೆ ನಾನು ಅಪೀಲು ಹೋಗಲಿಲ್ಲ. ಮನೆಯವಳು ಹೋಗಿ ಅಂದಳು, ವಕೀಲರೂ ಅಂದರು. ತಟ್ಟದ ಕಂಬಿಯನ್ನು ತಟ್ಟಿದೆ ಅಂತ ಬರೆದು ಸಹಿ ಹಾಕಿದ್ದೆನಲ್ಲ. ಅಪೀಲಿನಲ್ಲಿ ಏನಂತ ಬರೆಯಲಿ?

ಆ ಓದುಗರಿಗೆ ನಾನು ಹೇಳುವುದು ಇಷ್ಟೇ. ವಾರ್ಡರನ್ನು ಸೆಲ್ಲಿಗೆ ಹಾಕುವ ಮಾತು ಆಮೇಲೆ ಆಡೋಣ. ಕೈದಿ ಓಡಿಹೋದ ಪ್ರತಿ ಕೇಸಿನ ಚಾರ್ಜ್‌ಶೀಟಿನಲ್ಲೂ ಬ್ಲೇಡ್, ಕೀಲಿ, ಹಗ್ಗ ಒಳಗೆ ಹೇಗೆ ಬಂತು ಅನ್ನುವುದಕ್ಕೆ ಒಂದು ಉತ್ತರ ಇರಲೇಬೇಕು ಅಂತ ಮಾಡಿ. ತನಿಖೆಗೆ ಆ ಜೈಲಿನ ಜೊತೆ ದಿನಾ ಟೀ ಕುಡಿಯದ ಅಧಿಕಾರಿ ಬರಲಿ. ಆ ಉತ್ತರದಲ್ಲಿ ಒಬ್ಬ ಮನುಷ್ಯನ ಹೆಸರು ಬಂದರೆ ಅವನ ಮೇಲೆ 261 ಬೇಡ, 259 ಅಥವಾ 260 ಹಾಕಿ, ಲಂಚದ ಕಲಮೂ ಸೇರಿಸಿ. ಸಣ್ಣ ಕೈದಿಯನ್ನು ಬೇಕಂತಲೇ ಬಿಟ್ಟವನಿಗೂ ನಿದ್ದೆ ಹೋದವನಿಗೂ ಹೆಚ್ಚುಕಮ್ಮಿ ಒಂದೇ ಮಿತಿ ಅನ್ನುವುದನ್ನು ಹೊಸ ಸಂಹಿತೆ ಬರೆಯುವಾಗಲೇ ಸರಿಮಾಡಬಹುದಿತ್ತು. ಮಾಡಲಿಲ್ಲ. ನಂಬರ್ ಮಾತ್ರ ಬದಲಾಯಿಸಿದರು. ಇನ್ನು ತೂಕಡಿಸಿದವನ ಕೇಸಿನಲ್ಲಿ ಅವನನ್ನು ಎರಡನೇ ಪಾಳಿಗೆ ಹಾಕಿದವರನ್ನೂ ಪಕ್ಕದಲ್ಲಿ ನಿಲ್ಲಿಸಿ. ಇಬ್ಬರಲ್ಲಿ ಯಾರದು ಎಷ್ಟು ಅಂತ ಕೋರ್ಟು ಹೇಳಲಿ.

ವಾಪಸ್ ಡ್ಯೂಟಿಗೆ ಸೇರಿದ ಮೇಲೆ ಬೇರೆ ಜೈಲಿಗೆ ಹಾಕಿದರು. ಅಲ್ಲೂ ವೆಂಟಿಲೇಟರ್ ಮೇಲೆ, ಏಣಿ ಬೀಗದಲ್ಲಿ. ಮೊದಲ ಸಂಜೆಯೇ ರಿಜಿಸ್ಟರಿನಲ್ಲಿ ಬರೆದೆ: 'ಕೆಳಗಿನ ಕಂಬಿಗಳನ್ನು ತಟ್ಟಿ ನೋಡಿದೆ. ಏಣಿ ಸಿಗದ ಕಾರಣ ಮೇಲಿನ ಎಂಟು ಕಂಬಿಗಳನ್ನು ನೋಡಿಲ್ಲ.' ಜೈಲರ್ ಕರೆದು ಬೈದರು. ಇದೇನ್ರೀ ಹೊಸ ಸಂಪ್ರದಾಯ, ನಾಳೆ ಆಡಿಟ್‌ನವರು ನೋಡಿದರೆ ನಾನೇನು ಹೇಳಲಿ ಅಂದರು. ಮಾರನೇ ದಿನವೂ ಅದನ್ನೇ ಬರೆದೆ. ಅದರ ಮಾರನೇ ದಿನವೂ. ಹನ್ನೊಂದನೇ ದಿನ ಏಣಿ ಬಂತು. ಬಿದಿರಿನ ಏಣಿ, ಚೈನು ಹಾಕಿ ಬೀಗ ಜಡಿದದ್ದು, ಜೊತೆಗೆ ಕಾಯುವುದಕ್ಕೆ ಇನ್ನೊಬ್ಬ ವಾರ್ಡರ್. ಹತ್ತಿ ಒಂದೊಂದೇ ತಟ್ಟಿದೆ. ಏಳು ಕಂಬಿ ಠಣ್ ಅಂದವು. ಎಂಟನೆಯದು ಅನ್ನಲಿಲ್ಲ.

ಇತಿ,
ಒಬ್ಬ ನಿವೃತ್ತ ಹೆಡ್ ವಾರ್ಡರ್